ಮನೆಯಲ್ಲಿ ಬೆಳೆದ ಸುಗಂಧ ಗಿಡಗಳಿಗೆ ಕತ್ತರಿ ಹಾಕುವುದು ಯಾವಾಗ? ಸಮಗ್ರ ಮಾರ್ಗದರ್ಶಿ

ಒಣಗಿಸಿಟ್ಟ ತುಳಸಿಯ ಬಾಟಲಿ ತೆರೆದರೆ ತುಳಸಿಯ ಘಮದ ಬದಲು ಒಣಹುಲ್ಲಿನ ವಾಸನೆ. ಪುದೀನ ಕಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿದೆ. ಕಾಮಕಸ್ತೂರಿ ಗಿಡ ತಿಂಗಳ ಹಿಂದೆ ಪೊದೆಯಂತಿತ್ತು, ಈಗ ಬರೀ ಕಡ್ಡಿ ಮತ್ತು ತೆನೆ. ಮಣ್ಣನ್ನು ದೂರಿ, ಗೊಬ್ಬರ ಬದಲಿಸಿ, ಹೊಸ ಸಸಿ ತಂದು ನೆಟ್ಟರೂ ಮುಂದಿನ ಸಲ ಅದೇ ಪಾಡು. ಬೆಳೆಸುವುದರಲ್ಲಿ ತಪ್ಪಿಲ್ಲ. ಕೊಯ್ದ ದಿನ ತಪ್ಪು, ಕೊಯ್ದ ಹೊತ್ತು ತಪ್ಪು, ಇಲ್ಲವೇ ಕೊಯ್ದ ಮೇಲಿನ ಮೊದಲ ಎರಡು ದಿನ ತಪ್ಪು.

ಈ ಗಿಡಗಳ ಘಮವೆಲ್ಲ ಅತಿ ಸಣ್ಣ ಎಣ್ಣೆಗ್ರಂಥಿಗಳಲ್ಲಿದೆ. ಅವು ತುಂಬಿಕೊಳ್ಳುವುದಕ್ಕೆ ಒಂದು ಕಾಲ, ಸೊರಗುವುದಕ್ಕೆ ಒಂದು ಕಾಲ. ಕ್ಯಾಲೆಂಡರ್ ನೋಡಿ ಅದನ್ನು ಹಿಡಿಯಲಾಗದು. ಬಿಸಿಲು, ನೀರು, ಕುಂಡದ ಗಾತ್ರ ಬದಲಾದಂತೆ ಅದೇ ಗಿಡ ಎರಡು ವಾರ ಹಿಂದೆಮುಂದೆ ಆಗುತ್ತದೆ. ಗಿಡವನ್ನೇ ನೋಡಿ ತೀರ್ಮಾನಿಸುವ ಕ್ರಮ ಇಲ್ಲಿದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಪ್ರತಿ ಹಂತವೂ ಮುಂದಿನದಕ್ಕೆ ಆಧಾರ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

- 10ರಿಂದ 30 ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ. ಪುಟ್ಟ ದೀಪ ಇರುವುದಾದರೆ ಒಳ್ಳೆಯದು. ಮೊಬೈಲ್ ಕ್ಯಾಮೆರಾದ ಝೂಮ್ ಇದಕ್ಕೆ ಸಾಲದು, ಚಿತ್ರ ಹಿಗ್ಗುತ್ತದೆಯೇ ಹೊರತು ವಿವರ ಕಾಣಿಸುವುದಿಲ್ಲ.
- ಹರಿತವಾದ ಕತ್ತರಿ, ಅದನ್ನು ಒರೆಸಲು ಸ್ಪಿರಿಟ್. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ. ಜಜ್ಜಿದ ತುದಿ ಕೊಳೆಯುತ್ತದೆ, ಚಿಗುರುವುದಿಲ್ಲ.
- ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ತಕ್ಕಡಿ.
- ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಬೆಂಕಿಪೊಟ್ಟಣದಷ್ಟು ಗಾತ್ರದ ಡಿಜಿಟಲ್ ಮೀಟರ್. ಬಾಟಲಿಯೊಳಗೆ ಹಿಡಿಸುವಂಥದ್ದು ಬೇಕು.
- ಜಾಲರಿ ತಟ್ಟೆ ಅಥವಾ ಚೌಕಟ್ಟಿಗೆ ಬಿಗಿದ ಸೊಳ್ಳೆಪರದೆ.
- ಬಿಗಿ ಮುಚ್ಚಳದ ಗಾಜಿನ ಬಾಟಲಿಗಳು.

ಇವುಗಳಲ್ಲಿ ಜನ ಬಿಟ್ಟುಬಿಡುವುದು ತಕ್ಕಡಿ ಮತ್ತು ಮೀಟರ್. ಒಣಗಿಸುವಾಗ ಕಣ್ಣು, ಕೈ ಎರಡೂ ಮೋಸ ಹೋಗುವುದು ಇವಿಲ್ಲದಾಗಲೇ.

ಹಂತ 1: ಯಾವ ಭಾಗ, ಯಾತಕ್ಕೆ ಎಂಬುದನ್ನು ಮೊದಲೇ ಗೊತ್ತು ಮಾಡಿ

ಒಂದೇ ಗಿಡಕ್ಕೆ ಎರಡು ಮೂರು ಬೇರೆ ಬೇರೆ ಕೊಯ್ಲಿನ ಕಾಲಗಳಿವೆ. ತುಳಸಿಯ ಎಲೆ ಬೇಕಿದ್ದರೆ ತೆನೆ ಮೂಡುವ ಹೊತ್ತಿಗೇ ಕೊಯ್ಯಬೇಕು. ಎಣ್ಣೆ ಇಳಿಸುವವರು ಅದೇ ಗಿಡ ಪೂರ್ತಿ ಹೂಬಿಡುವ ತನಕ ಕಾಯುತ್ತಾರೆ. ಬೀಜ ಬೇಕಿದ್ದವರು ತೆನೆ ಮುಕ್ಕಾಲು ಭಾಗ ಕಂದಾಗುವ ತನಕ ಮುಟ್ಟುವುದಿಲ್ಲ. ಲ್ಯಾವೆಂಡರ್‌ನದೂ ಹೀಗೆಯೇ: ಒಣಹೂವಿನ ಕಟ್ಟಿಗಾದರೆ ತೆನೆಯ ಬುಡದ ಒಂದೆರಡು ಹೂ ಅರಳಿದಾಗ, ಎಣ್ಣೆಗಾದರೆ ಅರ್ಧದಷ್ಟು ಹೂ ಬಾಡಿದಾಗ.

ಆದ್ದರಿಂದ "ಗಿಡ ಯಾವಾಗ ಕೊಯ್ಲಿಗೆ ಬರುತ್ತದೆ" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಲೆಯೋ, ಹೂವೋ, ಬೀಜವೋ, ಹಸಿಯಾಗಿಯೋ, ಒಣಗಿಸಿಯೋ, ಒಂದು ಚೀಟಿಯಲ್ಲಿ ಬರೆದು ಕುಂಡಕ್ಕೆ ಅಂಟಿಸಿಬಿಡಿ. ಎಲೆಗೆಂದು ಬೆಳೆಸಿ, ಹೂ ಚೆನ್ನಾಗಿದೆಯೆಂದು ಎರಡು ವಾರ ಬಿಟ್ಟು, ಆಮೇಲೆ ಎಲೆ ಕೊಯ್ಯುವುದು ತುಂಬ ಸಾಮಾನ್ಯವಾದ ಎಡವಟ್ಟು. ಹೀಗೆ ಮಾಡಿದರೆ ಹೂವೂ ಇಲ್ಲ, ಎಲೆಯೂ ಇಲ್ಲ.

ಒಣಗಿಸಲು ಒಗ್ಗದ ಗಿಡಗಳೂ ಇವೆ. ದೊಡ್ಡಪತ್ರೆಯ ಎಲೆ ದಪ್ಪ, ಬಹುಪಾಲು ನೀರೇ. ಒಣಗುವಷ್ಟರಲ್ಲಿ ಕಪ್ಪಾಗುತ್ತದೆ ಇಲ್ಲವೇ ಕೊಳೆಯುತ್ತದೆ. ಅದನ್ನು ಬೇಕಾದಾಗ ಹಸಿಯಾಗಿ ಕಿತ್ತುಕೊಳ್ಳಿ. ಕೊಯ್ಲಿನ ದಿನ ಗೊತ್ತುಮಾಡುವ ತಲೆನೋವೇ ಬೇಡ.

ಹಂತ 2: ಮೂರು ವಾರ ಮುಂಚೆ ನಿಲ್ಲಿಸಬೇಕಾದ್ದು

ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಕೊಯ್ಲಿಗೆ ಎರಡು ಮೂರು ವಾರ ಮೊದಲೇ ನಿಲ್ಲಿಸಿ. ಯೂರಿಯಾ, ಹಿಂಡಿ ನೆನೆಸಿದ ನೀರು, ಮೀನಿನ ದ್ರವಗೊಬ್ಬರ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಇವು ಎಲೆಯನ್ನು ಅಗಲವಾಗಿ, ಮೆತ್ತಗೆ, ನೀರು ತುಂಬಿದಂತೆ ಬೆಳೆಸುತ್ತವೆ. ನೋಡಲು ಸೊಂಪು, ಮೂಗಿಗೆ ಸಪ್ಪೆ. ಎಣ್ಣೆಗ್ರಂಥಿಗಳ ಬಹುಪಾಲು ಎಲೆ ಇನ್ನೂ ಚಿಕ್ಕದಿದ್ದಾಗಲೇ ಮೂಡಿರುತ್ತವೆ. ಆಮೇಲೆ ಎಲೆ ಹಿಗ್ಗಿದಷ್ಟೂ ಅವು ದೂರ ದೂರ ಸರಿಯುತ್ತವೆ. ದೊಡ್ಡ ಎಲೆಯೆಂದರೆ ಹೆಚ್ಚು ಘಮ ಎಂಬ ಲೆಕ್ಕ ಇಲ್ಲೇ ತಪ್ಪುತ್ತದೆ.

ಕೀಟಕ್ಕೆಂದು ಏನಾದರೂ ಸಿಂಪಡಿಸಿದ್ದರೆ ಡಬ್ಬಿಯ ಮೇಲೆ ಬರೆದಿರುವ ಕಾಯುವ ಅವಧಿಯನ್ನು ಒಂದು ದಿನವೂ ಕಡಿತಗೊಳಿಸಬೇಡಿ. ಬೇವಿನೆಣ್ಣೆಯ ಕಹಿ ವಾಸನೆ ಎಲೆಗೆ ಅಂಟಿದರೆ ತೊಳೆದರೂ ಪೂರ್ತಿ ಬಿಡುವುದಿಲ್ಲ, ಒಣಗಿದಾಗಂತೂ ಇನ್ನೂ ಎದ್ದು ಬರುತ್ತದೆ. ಸಿಂಪಡಿಸಿದ ಮೇಲೆ ಹುಟ್ಟಿದ ಹೊಸ ಎಲೆಗಳನ್ನಷ್ಟೇ ಒಣಗಿಸಲು ತೆಗೆದುಕೊಳ್ಳಿ.

ನೀರನ್ನು ಮಾತ್ರ ನಿಲ್ಲಿಸಬೇಡಿ. ಗಿಡವನ್ನು ಬಾಡಿಸಿದರೆ ಎಣ್ಣೆ ಗಟ್ಟಿಯಾಗುತ್ತದೆ ಎಂದು ವಾರಗಟ್ಟಲೆ ನೀರು ಕಟ್ ಮಾಡುವವರಿದ್ದಾರೆ. ಕುಂಡದ ಗಿಡ ಅಷ್ಟು ತಾಳುವುದಿಲ್ಲ. ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ, ಗಿಡ ಅವಸರಕ್ಕೆ ಬಿದ್ದು ತೆನೆ ಬಿಡುತ್ತದೆ. ಕೊಯ್ಲಿನ ಹಿಂದಿನ ದಿನ ಬುಡಕ್ಕೆ ಎಂದಿನಂತೆ ನೀರು ಕೊಡಿ, ಎಲೆಯ ಮೇಲೆ ಬೀಳದಂತೆ. ಎಲೆಗೆ ಧೂಳು ಅಂಟಿದ್ದರೆ ಎರಡು ದಿನ ಮೊದಲು ಬೆಳಗ್ಗೆ ತೆಳುವಾಗಿ ನೀರು ಚಿಮುಕಿಸಿ ತೊಳೆದುಬಿಡಿ. ಕೊಯ್ದ ಮೇಲೆ ತೊಳೆಯುವ ಪಾಡು ತಪ್ಪುತ್ತದೆ.

ಹಂತ 3: ಗಿಡ ಏನು ಹೇಳುತ್ತಿದೆ ಎಂದು ಓದುವುದು

ಇಲ್ಲಿ ಆತುರ ಬೇಡ. ದಿನ ಬಿಟ್ಟು ದಿನ, ಅದೇ ಹೊತ್ತಿಗೆ, ಗಿಡದ ಮುಂದೆ ಎರಡು ನಿಮಿಷ ನಿಂತರೆ ಸಾಕು.

*ತುಳಸಿ.* ಕುಡಿಯನ್ನು ಗಮನಿಸಿ. ಎಲೆ ಬರುವ ಕುಡಿಯಲ್ಲಿ ಎಳೆ ಎಲೆಗಳು ಕೈಮುಗಿದಂತೆ ಜೋಡಿಯಾಗಿ ಇರುತ್ತವೆ. ತೆನೆ ಬರುವ ಕುಡಿ ನಾಲ್ಕು ಮೂಲೆಯ ಪುಟ್ಟ ಗೋಪುರದಂತೆ ಸುತ್ತು ಸುತ್ತಾಗಿ ಒತ್ತಿಕೊಂಡಿರುತ್ತದೆ. ಈ ಗೋಪುರ ಒಂದೆರಡು ಸೆಂಟಿಮೀಟರ್ ಬೆಳೆದು, ಇನ್ನೂ ಒಂದೂ ಹೂ ಅರಳಿಲ್ಲ ಎಂದಾಗ ಎಲೆಯ ಕೊಯ್ಲಿಗೆ ಸರಿಯಾದ ಕಾಲ. ತೆನೆಯಲ್ಲಿ ಹೂ ಅರಳುವುದು ಬುಡದಿಂದ ತುದಿಗೆ. ಹಾಗಾಗಿ ತುದಿ ಇನ್ನೂ ಹಸಿರಾಗಿದೆ ಎಂದು ನಂಬಿಕೊಂಡರೆ ಬುಡದಲ್ಲಿ ಆಗಲೇ ಬೀಜ ಕಟ್ಟುತ್ತಿರುತ್ತದೆ. ನಾಟಿ ಮಾಡಿದ ಗಿಡ ಸುಮಾರು 90 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ, ಆಮೇಲೆ 65ರಿಂದ 75 ದಿನಕ್ಕೊಮ್ಮೆ. ಈ ಅಂಕಿಗಳು ಹೊಲದ ಲೆಕ್ಕ. ಕುಂಡದಲ್ಲಿ ಬೇರಿಗೆ ಜಾಗ ಕಡಿಮೆಯಾದಾಗ ಗಿಡ ಇನ್ನೂ ಬೇಗ ತೆನೆ ಬಿಡುತ್ತದೆ.

*ಕಾಮಕಸ್ತೂರಿ.* ಇದಕ್ಕೆ ತಾಳ್ಮೆ ಕಮ್ಮಿ. ಗಿಡ 15ರಿಂದ 20 ಸೆಂಟಿಮೀಟರ್ ಬೆಳೆದು ಮೂರು ನಾಲ್ಕು ಜೊತೆ ಎಲೆ ಬಂದ ಕೂಡಲೇ ತುದಿ ಚಿವುಟುವುದು ಶುರು ಮಾಡಬೇಕು. ಚಿವುಟದೆ ಬಿಟ್ಟರೆ ಒಂದೇ ಕಾಂಡವಾಗಿ ಏರಿ ಹೂಬಿಟ್ಟು ಮುಗಿದೇ ಹೋಗುತ್ತದೆ. ಒಣಗಿಸಲು ದೊಡ್ಡ ಕೊಯ್ಲು ಬೇಕಿದ್ದರೆ ಮೊಗ್ಗು ಕಾಣಿಸಿದ ವಾರದಲ್ಲೇ ಕೊಯ್ಯಿರಿ.

*ಪುದೀನ.* ಹೂ ಬಂದಾಗ ಕೊಯ್ಯಿರಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಆದರೆ ಪುದೀನ ಹೂಬಿಡಲು ಹಗಲು ಉದ್ದವಿರಬೇಕು. ಹಗಲು ಅಷ್ಟು ಉದ್ದವಾಗದ ಕಡೆ, ಅದರಲ್ಲೂ ನೆರಳಿನ ಕುಂಡದಲ್ಲಿ, ಹೂವನ್ನೇ ಕಾಣದೆ ವರ್ಷಗಳು ಕಳೆಯುತ್ತವೆ. ಹೂವಿಗಾಗಿ ಕಾಯುತ್ತಾ ಕುಳಿತವರ ಗಿಡ ಉದ್ದುದ್ದ ಬಳ್ಳಿಯಾಗಿ ಕುಂಡದಿಂದ ಹೊರಬಿದ್ದಿರುತ್ತದೆ. ಹೂವಿಲ್ಲದಾಗ ನೋಡಬೇಕಾದ ಲಕ್ಷಣ ಬೇರೆ: ನೆಟ್ಟಗಿದ್ದ ಕಾಂಡ ಬಾಗತೊಡಗುತ್ತದೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಬುಡದ ಒಂದೆರಡು ಜೊತೆ ಎಲೆ ಹಳದಿ ತಿರುಗುತ್ತದೆ. ಹಳದಿ ಕಂಡ ಮೊದಲ ವಾರವೇ ಕೊಯ್ಲು.

*ಮರುಗ.* ಕುಡಿಯಲ್ಲಿ ಸಾಸಿವೆ ಗಾತ್ರದ ಹಸಿರು ಗಂಟುಗಳು ಕಾಣಿಸುತ್ತವೆ. ಗಂಟು ಬಿಚ್ಚಿ ಬಿಳಿ ಹೂ ಇಣುಕುವ ಮೊದಲೇ ಕೊಯ್ಯಿರಿ. *ದವನ* ಇದಕ್ಕೆ ತದ್ವಿರುದ್ಧ, ಹೂ ಅರಳಿದಾಗಲೇ ಅದರ ಘಮ ತುಂಬಿರುತ್ತದೆ.

*ನಿಂಬೆಹುಲ್ಲು.* ನೆಟ್ಟ ನಾಲ್ಕರಿಂದ ಆರು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಎಲೆಯ ತುದಿ ಒಂದೆರಡು ಬೆರಳಗಲ ಒಣಗುವುದು ಸಹಜ. ಅರ್ಧ ಎಲೆ ಕಂದಾಗಿದ್ದರೆ ಕಾಲ ಮೀರಿದೆ. ಎಲೆಯ ಅಂಚು ಬ್ಲೇಡಿನಂತಿರುತ್ತದೆ, ಕೈಗವಸು ಹಾಕಿಕೊಳ್ಳದೆ ಸವರಬೇಡಿ.

*ಕ್ಯಾಮೊಮೈಲ್.* ಬಿಳಿ ಎಸಳುಗಳ ಕೋನವೇ ಗಡಿಯಾರ. ಎಸಳು ಮೇಲ್ಮುಖವಾಗಿದ್ದರೆ ಬೇಗ. ತಟ್ಟೆಯಂತೆ ಸಮತಟ್ಟಾಗಿದ್ದರೆ ಸರಿಯಾದ ಹೊತ್ತು. ಕೆಳಗೆ ಜೋತುಬಿದ್ದು ನಡುವಿನ ಹಳದಿ ಭಾಗ ಶಂಕುವಿನಂತೆ ಉಬ್ಬಿದ್ದರೆ ತಡ, ಅಂಥ ಹೂ ಒಣಗುವಾಗ ಪುಡಿಪುಡಿಯಾಗಿ ಉದುರುತ್ತದೆ. ಎಲ್ಲ ಹೂ ಒಂದೇ ದಿನ ಹದಕ್ಕೆ ಬರುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಆರಿಸುವುದೇ ದಾರಿ.

ಹಂತ 4: ಭೂತಗನ್ನಡಿಯಡಿ ಎಲೆಯ ಕೆಳಮೈ

ತುದಿಯಿಂದ ಮೂರನೆಯ ಜೊತೆಯ ಎಲೆಯೊಂದನ್ನು ಕೀಳಿ. ತೀರಾ ಎಳೆಯದೂ ಬೇಡ, ಬುಡದ ಮುದಿ ಎಲೆಯೂ ಬೇಡ. ಪ್ರತಿ ಸಲವೂ ಅದೇ ಜೊತೆಯಿಂದ ತೆಗೆದರೆ ಮಾತ್ರ ಹೋಲಿಕೆಗೆ ಅರ್ಥವಿದೆ. ಎಲೆಯನ್ನು ಮಗುಚಿ ತೋರುಬೆರಳ ಮೇಲೆ ಬಾಗಿಸಿ ಹಿಡಿಯಿರಿ, ಬೆಳಕು ಓರೆಯಾಗಿ ಬೀಳಲಿ.

ಮೊದಲು ಕಾಣುವುದು ನರಗಳ ಉದ್ದಕ್ಕೂ ನಿಂತಿರುವ ಬಿಳಿ ರೋಮಗಳು. ಇವುಗಳಲ್ಲಿ ಎಣ್ಣೆ ಇಲ್ಲ. ಹೊಸಬರು ಇವನ್ನೇ ನೋಡಿ ಗ್ರಂಥಿ ತುಂಬಿದೆ ಎಂದುಕೊಳ್ಳುತ್ತಾರೆ. ರೋಮಗಳ ನಡುವೆ, ನರಗಳ ಮಧ್ಯದ ಬಯಲಿನಲ್ಲಿ ಕಣ್ಣಾಡಿಸಿ. ಚಿಕ್ಕ ಚಿಕ್ಕ ಕುಳಿಗಳಲ್ಲಿ ಕೂತ ದುಂಡು ಹನಿಗಳು ಕಾಣುತ್ತವೆ, ತೆಳು ಹಳದಿಯೋ ಗಾಜಿನಂಥವೋ ಆಗಿ, ಬೆಳಕಿಗೆ ಮಿನುಗುತ್ತವೆ. ಅವೇ ಎಣ್ಣೆಗ್ರಂಥಿಗಳು. ತುಳಸಿ, ಪುದೀನ, ಕಾಮಕಸ್ತೂರಿ, ಮರುಗ ನಾಲ್ಕರಲ್ಲೂ ಇದೇ ಬಗೆ.

ತುಂಬಿದ ಗ್ರಂಥಿ ಬಿಗಿಯಾಗಿ ಉಬ್ಬಿ ಹೊಳೆಯುತ್ತದೆ. ಎಳೆ ಎಲೆಯಲ್ಲಿ ಗ್ರಂಥಿಗಳು ಒತ್ತಾಗಿದ್ದರೂ ಇನ್ನೂ ಚಪ್ಪಟೆ, ಚರ್ಮ ತುಂಬಿಕೊಂಡಿಲ್ಲ. ಮುದಿ ಎಲೆಯಲ್ಲಿ ಅವು ಮಂಕಾಗಿ, ಕೆಲವು ಕುಸಿದು, ಗಾಳಿ ಹೋದ ಚೆಂಡಿನಂತೆ ಕಾಣುತ್ತವೆ. ಮೂರನೆಯ ಜೊತೆಯಲ್ಲಿ ಹೆಚ್ಚಿನವು ಉಬ್ಬಿ ಹೊಳೆಯುತ್ತಿವೆ, ಐದನೆಯ ಜೊತೆಯಲ್ಲಿ ಮಂಕಾದವು ಅಲ್ಲೊಂದು ಇಲ್ಲೊಂದು ಕಾಣಿಸತೊಡಗಿವೆ ಎಂದರೆ ಆ ವಾರವೇ ಕೊಯ್ಲು.

ನೋಡುವ ಮುನ್ನ ಎಲೆಯನ್ನು ಉಜ್ಜಬೇಡಿ. ಬೆರಳು ತಾಗಿದರೆ ಗ್ರಂಥಿ ಒಡೆಯುತ್ತದೆ, ಆಮೇಲೆ ಕಾಣುವುದು ನಿಮ್ಮ ಬೆರಳಿನ ಗುರುತೇ.

ಕರಿಬೇವಿಗೆ ಭೂತಗನ್ನಡಿ ಬೇಕಿಲ್ಲ. ಅದರ ಎಣ್ಣೆ ಇರುವುದು ಎಲೆಯ ಒಳಗೆ. ಎಲೆಯನ್ನು ಬೆಳಕಿಗೆ ಅಡ್ಡ ಹಿಡಿದರೆ ಸೂಜಿ ಚುಚ್ಚಿದಂಥ ತಿಳಿ ಚುಕ್ಕೆಗಳು ಕಾಣುತ್ತವೆ. ನಿಂಬೆಹುಲ್ಲಿನ ಎಣ್ಣೆಯೂ ಒಳಗಿನ ಕೋಶಗಳಲ್ಲಿದೆ, ಹೊರಗಿನಿಂದ ಏನೂ ಕಾಣದು. ಅಲ್ಲಿ ಎಲೆ ಹಿಚುಕಿ ಮೂಸುವುದೊಂದೇ ಪರೀಕ್ಷೆ.

ಹಂತ 5: ಹತ್ತು ಎಲೆಯ ಪರೀಕ್ಷೆ

ಹಸಿ ಎಲೆಯ ಘಮ ನಂಬಿ ಕೆಟ್ಟವರು ಬಹಳ. ಹಸಿಯಲ್ಲಿ ಮೂಗಿಗೆ ಬಡಿಯುವ ವಾಸನೆಯಲ್ಲಿ ಒಂದು ಪಾಲು ಬರೀ ಹಸಿ ಎಲೆಯ ವಾಸನೆ, ಅದು ಒಣಗಿದಾಗ ಹಾರಿಹೋಗುತ್ತದೆ. ಉಳಿಯುವುದೇನು ಎಂದು ತಿಳಿಯಲು ಪೂರ್ತಿ ಗಿಡವನ್ನು ಬಲಿಕೊಡಬೇಕಿಲ್ಲ.

ಗಿಡದ ಬೇರೆ ಬೇರೆ ಕಡೆಯಿಂದ ಹತ್ತು ಎಲೆ ಕಿತ್ತು, ಕಾಗದದ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಬಿಸಿಲು ಬೀಳದ ಗಾಳಿಯಾಡುವ ಜಾಗದಲ್ಲಿ ಎರಡು ಮೂರು ದಿನ ಬಿಡಿ. ಗರಿಗರಿಯಾದ ಮೇಲೆ ಪುಟ್ಟ ಬಾಟಲಿಗೆ ಹಾಕಿ ಮುಚ್ಚಿ, ಅರ್ಧ ದಿನ ಬಿಟ್ಟು ಮುಚ್ಚಳ ತೆಗೆದು ಒಮ್ಮೆ ಮೂಸಿ. ಆಮೇಲೆ ಒಂದು ಎಲೆಯನ್ನು ಅಂಗೈಯಲ್ಲಿ ಪುಡಿಮಾಡಿ ಮತ್ತೆ ಮೂಸಿ.

ಪುಡಿಮಾಡಿದಾಗ ಘಮ ಚಿಮ್ಮಿದರೆ ಕೊಯ್ಲಿಗೆ ಸಿದ್ಧ. ಹುಲ್ಲಿನ ವಾಸನೆಯೇ ಮುಂದಾಗಿದ್ದರೆ ಎಲೆ ಎಳೆಯದು, ಐದಾರು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ. ವಾಸನೆ ಮಂದವಾಗಿದ್ದು ನಾಲಗೆಗೆ ಒಗರು ಅಥವಾ ಕಹಿ ಹತ್ತಿದರೆ ತಡವಾಗಿದೆ, ಕಾಯದೆ ಕೊಯ್ದು ಗಿಡವನ್ನು ಹೊಸ ಚಿಗುರಿಗೆ ಬಿಡಿ. ಈ ಹಂತಕ್ಕೆ ಮೂರು ದಿನ ಬೇಕೆಂದು ಜನ ಬಿಟ್ಟುಬಿಡುತ್ತಾರೆ. ಒಂದೇ ಒಂದು ಪರೀಕ್ಷೆಗೆ ಸಮಯವಿದೆ ಎಂದಾದರೆ ಭೂತಗನ್ನಡಿಯನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಹಂತ 6: ದಿನ ಮತ್ತು ಹೊತ್ತು

ಮಳೆ ಬಂದಿದ್ದರೆ ಒಂದೆರಡು ಒಣ ದಿನ ಕಾಯಿರಿ. ಕೊಯ್ಯುವುದು ಬೆಳಗ್ಗೆ, ಇಬ್ಬನಿ ಪೂರ್ತಿ ಆರಿದ ಮೇಲೆ ಮತ್ತು ಬಿಸಿಲು ಚುರುಕಾಗುವ ಮೊದಲು. ಇಬ್ಬನಿ ಆರಿದೆಯೇ ಎಂಬುದಕ್ಕೆ ಎಲೆಯ ಮೇಲ್ಮೈ ನೋಡಿದರೆ ಸಾಲದು. ಪೊದೆಯ ಒಳಗೆ ಕೈಹಾಕಿ ಬುಡದ ಎಲೆಯ ಕೆಳಭಾಗ ಮುಟ್ಟಿ. ತೇವ ಕೊನೆಗೆ ಆರುವುದು ಅಲ್ಲೇ.

ಒದ್ದೆ ಎಲೆಯನ್ನು ಕೊಯ್ದು ರಾಶಿ ಹಾಕಿದರೆ ತುಳಸಿ ಮತ್ತು ಪುದೀನ ಒಂದೆರಡು ಗಂಟೆಯಲ್ಲೇ ಕಪ್ಪಾಗಲು ಶುರು. ನಡುಮಧ್ಯಾಹ್ನ ಕೊಯ್ದ ಎಲೆ ಆಗಲೇ ಬಾಡಿ ಮೆತ್ತಗಾಗಿರುತ್ತದೆ. ಮೆತ್ತಗಿನ ಎಲೆ ಬೇಗ ಜಜ್ಜುತ್ತದೆ, ಜಜ್ಜಿದಲ್ಲಿ ಕಂದು ಕಲೆ ಏಳುತ್ತದೆ.

ಹಂತ 7: ಕತ್ತರಿ ಎಲ್ಲಿ ಹಾಕಬೇಕು

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಿಡದಿಂದ ಗಿಡಕ್ಕೆ ಹೋಗುವಾಗಲೂ ಒರೆಸಿ.

ಕಾಂಡವನ್ನು ಗೆಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಗೆಣ್ಣಿನ ಎರಡೂ ಬದಿಯ ಕಂಕುಳಲ್ಲಿ ಪುಟ್ಟ ಚಿಗುರು ಇರುತ್ತದೆ, ಮುಂದಿನ ಎರಡು ಕೊಂಬೆ ಅದೇ. ಗೆಣ್ಣಿನ ಮೇಲೆ ಉದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆ ಕೆಳಗಿಳಿಯುತ್ತದೆ. ಗೆಣ್ಣಿಗೆ ತಾಗಿಸಿ ಕತ್ತರಿಸಿದರೆ ಚಿಗುರೇ ಹೋಗುತ್ತದೆ.

ತುಳಸಿಯನ್ನು ನೆಲದಿಂದ 15ರಿಂದ 20 ಸೆಂಟಿಮೀಟರ್ ಬಿಟ್ಟು ಕೊಯ್ಯಬಹುದು, ಆದರೆ ಉಳಿದ ಭಾಗದಲ್ಲಿ ಹಸಿರೆಲೆ ಇರಲೇಬೇಕು. ಬುಡ ಬೋಳಾಗಿದ್ದರೆ ಮೇಲಕ್ಕೆ ಸರಿದು, ಕಡೇಪಕ್ಷ ಎರಡು ಜೊತೆ ಎಲೆ ಉಳಿಯುವಲ್ಲಿ ಕತ್ತರಿಸಿ. ಪುದೀನ ನೆಲದಿಂದ 3ರಿಂದ 5 ಸೆಂಟಿಮೀಟರ್ ತನಕ ತಾಳುತ್ತದೆ, ಚಿಗುರು ನೆಲದಡಿಯ ಬಳ್ಳಿಯಿಂದ ಬರುತ್ತದೆ. ನಿಂಬೆಹುಲ್ಲಿಗೆ 10ರಿಂದ 15 ಸೆಂಟಿಮೀಟರ್ ಬುಡ ಬಿಡಿ. ರೋಸ್ಮರಿ, ಥೈಮ್, ಲ್ಯಾವೆಂಡರ್‌ಗಳಲ್ಲಿ ಎಲೆಯಿಲ್ಲದ ಕಂದು ಕಟ್ಟಿಗೆಯ ತನಕ ಇಳಿಯಲೇಬೇಡಿ, ಅಲ್ಲಿಂದ ಮತ್ತೆ ಚಿಗುರುವುದು ಅಪರೂಪ. ಇಂಥವುಗಳಲ್ಲಿ ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗ ಮಿತಿ.

ಕೊಯ್ದದ್ದನ್ನು ಅಗಲ ಬುಟ್ಟಿಯಲ್ಲಿ ಸಡಿಲವಾಗಿ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬಿಸಿ ಏರಿ ಬೆವರುತ್ತದೆ. ಕಾಮಕಸ್ತೂರಿಯನ್ನು ಹಸಿಯಾಗಿ ಇಡುವುದಾದರೆ ಫ್ರಿಜ್ಜಿಗೆ ಹಾಕಬೇಡಿ, 10 ಡಿಗ್ರಿಗಿಂತ ಕೆಳಗೆ ಅದರ ಎಲೆ ಕಪ್ಪಾಗುತ್ತದೆ. ಲೋಟದಲ್ಲಿ ನೀರು ಹಾಕಿ ಕಡ್ಡಿಯನ್ನು ಹೂವಿನಂತೆ ನಿಲ್ಲಿಸಿ.

ಹಂತ 8: ಒಣಗಿಸುವುದು

ಸರಿಯಾದ ದಿನ ಕೊಯ್ದ ಎಲೆಯನ್ನು ಬಿಸಿಲಿಗೆ ಹರಡಿದರೆ ಅಷ್ಟೂ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಣ್ಣ ಬಿಳಿಚುತ್ತದೆ, ನೀರಿನ ಜೊತೆಗೇ ಎಣ್ಣೆಯೂ ಆವಿಯಾಗಿ ಹೋಗುತ್ತದೆ. ಬೇಕಿರುವುದು ನೆರಳು, ಆಡುವ ಗಾಳಿ, 35ರ ಆಸುಪಾಸಿನ ಉಷ್ಣಾಂಶ. ಯಂತ್ರದಲ್ಲಿ ಒಣಗಿಸುವುದಾದರೂ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು.

ಎಲೆ ಬಿಡಿಸಿ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ, ಅಥವಾ ಐದಾರು ಕಡ್ಡಿ ಸೇರಿಸಿ ಕಟ್ಟಿ ತಲೆಕೆಳಗಾಗಿ ತೂಗುಹಾಕಿ. ಕಟ್ಟು ದಪ್ಪವಾದರೆ ನಡುವಿನ ಎಲೆಗೆ ಗಾಳಿ ತಾಗದೆ ಬೂಸು ಬರುತ್ತದೆ. ಫ್ಯಾನ್ ಇಡುವುದಾದರೆ ಎಲೆಗೆ ನೇರ ಹೊಡೆಯದೆ ಗೋಡೆಗೆ ತಾಗಿ ಬರುವಂತೆ ತಿರುಗಿಸಿ.

ಕೋಣೆಯ ತೇವಾಂಶ ಶೇ. 60ರ ಒಳಗಿದ್ದರೆ ನಾಲ್ಕರಿಂದ ಏಳು ದಿನ ಸಾಕು. ಶೇ. 70 ದಾಟಿದ ಮಳೆಯ ದಿನಗಳಲ್ಲಿ ಎಷ್ಟು ದಿನ ತೂಗುಹಾಕಿದರೂ ಎಲೆ ಗರಿಗರಿಯಾಗದು. ಆಗ ಯಂತ್ರದ ಒಣಗಿಸುವಿಕೆಯೇ ಗತಿ, ಇಲ್ಲವೇ ಕೊಯ್ಲನ್ನೇ ಮುಂದೂಡಿ.

ತಕ್ಕಡಿ ಇಲ್ಲಿ ಬೇಕಾಗುವುದು. ಬಿಡಿಸಿದ ಹಸಿ ಎಲೆ 100 ಗ್ರಾಂ ಇದ್ದು ಅದರಲ್ಲಿ ಶೇ. 85 ನೀರಿದೆ ಎನ್ನಿ. ನೀರಲ್ಲದ ಭಾಗ 15 ಗ್ರಾಂ. ಶೇ. 10 ತೇವ ಉಳಿಯುವಂತೆ ಒಣಗಿದರೆ ತೂಕ ಸುಮಾರು 17 ಗ್ರಾಂ ಆಗುತ್ತದೆ. ನೀರು ಶೇ. 80 ಇದ್ದ ಎಲೆಯಾದರೆ 22 ಗ್ರಾಂ. ನಿಮ್ಮ ತಟ್ಟೆಯಲ್ಲಿ ಇನ್ನೂ 30 ಗ್ರಾಂ ಇದ್ದರೆ, ಎಲೆ ಎಷ್ಟೇ ಒಣಗಿದಂತೆ ಕಂಡರೂ, ಬಾಟಲಿಗೆ ಹಾಕಬೇಡಿ. ಎರಡು ದಿನ ಸತತವಾಗಿ ತೂಕ ಇಳಿದಿಲ್ಲ, ಎಲೆ ಪುಡಿಯಾಗುತ್ತದೆ ಮತ್ತು ಕಡ್ಡಿ ಬಾಗದೆ ಟಕ್ಕೆಂದು ಮುರಿಯುತ್ತದೆ ಎಂದಾದರೆ ಮುಗಿಯಿತು.

ಕ್ಯಾಮೊಮೈಲ್ ಥರದ ಹೂಗಳಲ್ಲಿ ಎಸಳು ಮೊದಲು ಒಣಗಿ ನಡುವಿನ ಗಟ್ಟಿ ಭಾಗ ತೇವ ಹಿಡಿದುಕೊಂಡಿರುತ್ತದೆ. ಒಂದು ಹೂವನ್ನು ಉಗುರಿನಿಂದ ಸೀಳಿ ಒಳಗೆ ಮುಟ್ಟಿ ನೋಡದೆ ತೀರ್ಮಾನಕ್ಕೆ ಬರಬೇಡಿ.

ಹಂತ 9: ಬಾಟಲಿಯ ಒಂದು ವಾರ

ಬಾಟಲಿಯನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಒಳಗೆ ಮೀಟರ್ ಇಟ್ಟು ಮುಚ್ಚಿ, ಕತ್ತಲಲ್ಲಿಡಿ. 24 ಗಂಟೆಯ ಬಳಿಕ ಓದಿ. ಎಲೆಯೊಳಗೆ ಅಡಗಿದ ತೇವ ಅಷ್ಟರಲ್ಲಿ ಹೊರಬಂದಿರುತ್ತದೆ.

ಶೇ. 55ರ ಸುತ್ತಮುತ್ತ ಇದ್ದರೆ ಸರಿ. ಶೇ. 60 ದಾಟಿದ್ದರೆ ಮುಚ್ಚಳ ತೆಗೆದು, ಎಲೆಯನ್ನು ಮತ್ತೆ ಜಾಲರಿಗೆ ಹರಡಿ, ಅರ್ಧ ದಿನ ಬಿಟ್ಟು ಪುನಃ ಪರೀಕ್ಷಿಸಿ. ಶೇ. 65 ದಾಟಿದ್ದು ಹಾಗೆಯೇ ಮುಚ್ಚಿಟ್ಟರೆ ಬೂಸಿಗೆ ಆಹ್ವಾನ ಕೊಟ್ಟಂತೆ. ಗಾಜಿನ ಒಳಮೈಗೆ ಮಂಜು ಕಟ್ಟಿದ್ದರಂತೂ ಮೀಟರ್ ನೋಡುವ ಅಗತ್ಯವೇ ಇಲ್ಲ, ಕೂಡಲೇ ಹೊರಗೆ ಸುರಿಯಿರಿ. ವಾರವಿಡೀ ದಿನಕ್ಕೊಮ್ಮೆ ಓದಿ, ಅಂಕಿ ನಿಂತ ಮೇಲೆ ಮೀಟರ್ ತೆಗೆಯಿರಿ. ಎಲೆಯನ್ನು ಇಡಿಯಾಗಿಯೇ ಇಡಿ, ಬಳಸುವಾಗ ಪುಡಿಮಾಡಿ. ಪುಡಿಯಾಗಿ ಇಟ್ಟರೆ ಗ್ರಂಥಿಗಳು ಒಡೆದು ಘಮ ಬೇಗ ಹೋಗುತ್ತದೆ.

ಎಚ್ಚರಿಕೆಯ ಗುರುತುಗಳು

ಕೆಲವು ಗುರುತು ಕಂಡರೆ ಯಾವ ಪರೀಕ್ಷೆಗೂ ಕಾಯದೆ ಅಂದೇ ತೀರ್ಮಾನಿಸಬೇಕು.

ಕಾಮಕಸ್ತೂರಿಯ ಎಲೆಯ ಮೇಲೆ ನರಗಳ ನಡುವೆ ಮಾಸಲು ಹಳದಿ ಪಟ್ಟೆ, ಮಗುಚಿದರೆ ಬೂದು ನೇರಳೆ ಧೂಳಿನಂಥ ಪದರ. ಇದು ಬೂಜುರೋಗ, ಗೊಬ್ಬರದ ಕೊರತೆಯಲ್ಲ. ಹಳದಿ ಕಂಡು ಗೊಬ್ಬರ ಹಾಕುತ್ತಾ ಕುಳಿತರೆ ವಾರದಲ್ಲಿ ಗಿಡ ಕೈಬಿಡುತ್ತದೆ. ರೋಗ ತಾಗದ ಕೊಂಬೆಗಳನ್ನು ಅಂದೇ ಕೊಯ್ದು ಬಳಸಿ, ಉಳಿದದ್ದನ್ನು ಕಿತ್ತು ದೂರ ಹಾಕಿ.

ಪುದೀನದ ಎಲೆಯಡಿ ಕಿತ್ತಳೆ ಬಣ್ಣದ ಗುಳ್ಳೆಗಳಿದ್ದರೆ ತುಕ್ಕುರೋಗ. ಮೇಲ್ಮೈಯಲ್ಲಿ ಹಿಟ್ಟು ಉದುರಿಸಿದಂತಿದ್ದರೆ ಬೂದಿರೋಗ. ಎರಡನ್ನೂ ಒಣಗಿಸಲು ಬಳಸಬೇಡಿ. ಬುಡದ ತನಕ ಕತ್ತರಿಸಿ ಹೊಸ ಚಿಗುರಿಗೆ ಬಿಡಿ.

ಎಲೆಯ ತುಂಬ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಕೆಳಗೆ ಕೂದಲೆಳೆಯಂಥ ಬಲೆ ಕಂಡರೆ ಜೇಡನುಸಿ. ಭೂತಗನ್ನಡಿಯಲ್ಲಿ ಓಡಾಡುವುದೂ ಕಾಣುತ್ತದೆ. ಬೇಗ ಹಬ್ಬುತ್ತದೆ, ಚೆನ್ನಾಗಿರುವ ಭಾಗವನ್ನು ತಡಮಾಡದೆ ಕೊಯ್ದುಬಿಡಿ.

ಬಾಟಲಿಯಲ್ಲಿ ಬಿಳಿ ನೂಲಿನಂಥದ್ದು ಕಂಡರೆ ಅಥವಾ ಮುಚ್ಚಿದ ಕೋಣೆಯ ಮುಗ್ಗಲು ವಾಸನೆ ಬಂದರೆ ಆ ಬಾಟಲಿ ಪೂರ್ತಿ ಕಸಕ್ಕೆ. ಕೆಟ್ಟ ಎಲೆ ಆರಿಸಿ ಉಳಿದದ್ದನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಆಸೆ ಬೇಡ. ಕಾಣದ ಬೂಸು ಉಳಿದ ಎಲೆಯಲ್ಲೂ ಇರುತ್ತದೆ.

ಕೊಯ್ದ ಗಿಡವನ್ನು ಮತ್ತೆ ಎಬ್ಬಿಸುವುದು

ಕೊಯ್ದ ದಿನ ಗೊಬ್ಬರ ಬೇಡ, ನೀರೂ ಅಳತೆಯಲ್ಲಿರಲಿ. ಎಲೆ ಕಮ್ಮಿಯಾದ ಗಿಡ ಕಮ್ಮಿ ನೀರು ಕುಡಿಯುತ್ತದೆ, ಎಂದಿನಷ್ಟೇ ಸುರಿದರೆ ಬೇರು ಕೊಳೆಯುತ್ತದೆ. ಗೆಣ್ಣುಗಳಲ್ಲಿ ಚಿಗುರು ಅರ್ಧ ಬೆರಳುದ್ದ ಬಂದ ಮೇಲೆ ಒಂದು ಹಿಡಿ ಎರೆಗೊಬ್ಬರ ಹಾಕಿ ಮಣ್ಣು ಸಡಿಲಿಸಿ.

ಪುದೀನ ಆರರಿಂದ ಎಂಟು ವಾರಕ್ಕೆ ಮತ್ತೆ ಹದಕ್ಕೆ ಬರುತ್ತದೆ. ಕೊಯ್ದ ದಿನಾಂಕ, ಹಸಿ ತೂಕ, ಒಣ ತೂಕ ಮೂರನ್ನೂ ಹಂತ 1ರ ಚೀಟಿಯ ಹಿಂಬದಿಯಲ್ಲಿ ಬರೆಯಿರಿ, ಎಲೆ ತೆಗೆದದ್ದು ತೆನೆ ಎಷ್ಟು ಉದ್ದವಿದ್ದಾಗ ಎಂಬುದನ್ನೂ ಸೇರಿಸಿ. ಎರಡನೆಯ ಕೊಯ್ಲಿನಲ್ಲಿ ಹಂತ 2ರಿಂದ ಮತ್ತೆ ಶುರು ಮಾಡಿ. ಹಳೆಯ ದಿನಾಂಕಕ್ಕೆ ದಿನ ಕೂಡಿಸಿ ಕೊಯ್ಯಬೇಡಿ, ಋತು ಬದಲಾಗಿರುತ್ತದೆ.